ಎಮ್ಮೆಯ ಹೆಣಕ್ಕೆ ಕಾವಲು ನಿಂತವನು

ಕಿತ್ತೂರಿನ ಪಡುವಣ ಕಾಡಂಚಿಗೆ ನಾನು ಫಾರೆಸ್ಟ್ ಗಾರ್ಡ್ ಆಗಿ ಹೋದಾಗ, ಹುಲಿ ಕೊಂದರೆ ಜೈಲು ಎಂಬ ಕಾಯ್ದೆ ಇನ್ನೂ ಹೊಸದು. ಮುನವಳ್ಳಿಯ ಎರೆಹೊಲದಲ್ಲಿ ಬೆಳೆದ ನಾನು ಹುಲಿಯನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದೆ. ಊರವರಿಗೆ ನನ್ನ ಖಾಕಿ ಕಂಡರೆ ಮೈ ಉರಿಯುತ್ತಿತ್ತು. "ಬಂದ್ರಪಾ, ಹುಲಿ ಬೀಗರು!" ಎಂದು ಬಾವಿಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ನನಗೂ ಅವರೆಂದರೆ ಅಷ್ಟಕ್ಕಷ್ಟೇ. ಕಟ್ಟಿಗೆಗೆ ಬಂದವರ ಕೊಡಲಿ ಕಸಿದು, ಬಾಯಿಗೆ ಬಂದಂತೆ ಬೈದು ಕಳಿಸುತ್ತಿದ್ದೆ.

ಒಂದು ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ಒಂಟಿ ಮುದುಕಿಯೊಬ್ಬಳ ಹಿಂಡುವ ಎಮ್ಮೆ ಸತ್ತು ಬಿದ್ದಿತ್ತು. ಹುಲಿ ಕುತ್ತಿಗೆ ಮುರಿದು, ತೊಡೆ ತಿಂದು ಹೋಗಿತ್ತು. ಆ ಹಾಲು ಮಾರಿಯೇ ಮುದುಕಿಯ ಹೊಟ್ಟೆ ನಡೆಯುತ್ತಿತ್ತು.

ದನ ಸತ್ತರೆ ಹೊತ್ತು ಮುಳುಗುವುದರೊಳಗೆ ಎತ್ತಬೇಕೆಂಬುದು ಊರಿನ ಪದ್ಧತಿ. ಎತ್ತುವುದು ಕೇರಿಯ ಹಿರಿಯನೊಬ್ಬನ ಕೆಲಸ, ಚರ್ಮ ಅವನ ಹಕ್ಕು. ಅಂದೂ ಮಕ್ಕಳೊಂದಿಗೆ ಹಗ್ಗ, ಗಳ ಹಿಡಿದು ಬಂದ. ನಾನು ಅಡ್ಡ ನಿಂತೆ. ನಮ್ಮ ರೇಂಜರ್ ಸಾಹೇಬರು ಬಂದು, ಹೆಣ ಬಿದ್ದಲ್ಲೇ ನೋಡಿ ಬರೆದುಕೊಂಡರೆ ಮಾತ್ರ ಮುದುಕಿಗೆ ಸರ್ಕಾರದ ಪರಿಹಾರ. ಅದು ನಮ್ಮ ನಿಯಮ.

"ಯವ್ವಾ, ಯಾರಿಗೂ ಮುಟ್ಟಾಕ ಕೊಡಬ್ಯಾಡಬೇ. ನಾಳೆ ಸಾಹೇಬರು ಬರತಾರ. ನಿನಗ ಪರಿಹಾರ ಕೊಡಸೂದು ನನ್ನ ಜವಾಬ್ದಾರಿ," ಎಂದೆ. ಮುದುಕಿ ನಂಬಿದಳು.

"ಇದು ನಮ್ಮ ಅಜ್ಜಂದಿರ ಕಾಲದ ಕೆಲಸ. ತಡಿಯಾಕ ನೀವ್ಯಾರ್ರಿ?" ಎಂದ ಹಿರಿಯ.

"ಮುಟ್ಟಿ ನೋಡಲೇ, ಒಳಗ ಹಾಕಸ್ತೇನಿ!" ಎಂದೆ, ಅಪ್ಪನ ವಯಸ್ಸಿನವನಿಗೆ. ಅವನು ಉಗುಳಿ ಹೋದ.

ಸಾಹೇಬರು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಸೈಕಲ್ ತುಳಿದು ಕಚೇರಿಗೆ ಹೋದರೆ ಗುಮಾಸ್ತ, "ಜೀಪ್ ಕೆಟ್ಟೈತಿ. ಒಂದೆಮ್ಮಿ ಸಂಬಂಧ ಎಷ್ಟ್ ಕುಣೀತೀಯೋ?" ಎಂದ. ಅವನ ಮೂತಿಗೆ ಗುದ್ದಬೇಕೆನಿಸಿತು. ಇತ್ತ ಮುದುಕಿ ನನ್ನ ಬಾಗಿಲಲ್ಲಿ, ಅತ್ತ ಹುಲಿ ಹಳ್ಳದಲ್ಲಿ. ದಿನಾ ಬಂದು ತಿಂದು ಹೋಗುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಹುಲಿ ನೀರಿನ ಪಕ್ಕ ಸತ್ತು ಬಿದ್ದಿತ್ತು. ಬಾಯಿ ತುಂಬ ನೊರೆ. ಎಮ್ಮೆಯ ಹೆಣದಿಂದ ಎಂಡ್ರಿನ್ ನಾತ ಬರುತ್ತಿತ್ತು, ಹತ್ತಿಗೆ ಹೊಡೆಯುವ ವಿಷ. ಅಷ್ಟು ದೊಡ್ಡ ಜೀವ ಮಣ್ಣು ಕಚ್ಚಿ ಬಿದ್ದಿದ್ದನ್ನು ಕಂಡು ನಾನು ಅತ್ತೆ. ನಾಚಿಕೆಯೇನಿಲ್ಲ.

ಸುದ್ದಿ ಮುಟ್ಟಿದ್ದೇ ತಡ, ಕೆಟ್ಟ ಜೀಪು ಮಧ್ಯಾಹ್ನದೊಳಗೆ ಓಡಿ ಬಂತು. ಸಾಹೇಬರು ಬಂದರು, ಪೊಲೀಸರು ಬಂದರು, ಕ್ಯಾಮೆರಾ ಬಂತು. ಥೂ! ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

"ಯಾರು ವಿಷ ಹಾಕಿದ್ದು?" ಎಂದರು ಸಾಹೇಬರು. ನಾನು ಹಿರಿಯನತ್ತ ಕೈ ಮಾಡಿದೆ. "ಇವಂದ ಕೆಲಸ ಸಾಹೇಬ್ರ. ಚರ್ಮ ಸಿಗಲಿಲ್ಲಂತ ಸಿಟ್ಟು ಇವಗ."

ಹಿರಿಯ ನನ್ನತ್ತ ನೋಡಲೂ ಇಲ್ಲ. "ಇಷ್ಟು ವರ್ಷ ಹೆಣಾ ಅವತ್ತಿಂದವತ್ತ ಎತ್ತೇವ್ರಿ. ವಿಷಾ ಹಾಕಾಕ ಯಾರಿಗೂ ಏನೂ ಉಳೀತಿರಲಿಲ್ಲ. ಈ ಹಳ್ಳದಾಗ ಒಂದು ಹುಲೀನೂ ಸತ್ತಿಲ್ಲ," ಎಂದ.

ಪೊಲೀಸರು ಅವನ ರಟ್ಟೆ ಹಿಡಿದರು. ಆಗ ಮುದುಕಿ ಮುಂದೆ ಬಂದಳು.

"ಅವನ್ನ ಬಿಡ್ರಿ. ನಾನ ಹಾಕೇನ್ರಿ. ಮೂರು ದಿನಾ ದಾರಿ ಕಾದೆ. ನನ್ನ ಎಮ್ಮಿನ್ನ ದಿನಾ ತಿನ್ನೂದು ನೋಡಾಕ ಆಗಲಿಲ್ಲ."

ಹುಲಿಯನ್ನು ಜೀಪಿನ ಹಿಂದೆ ಹಾಕಿ, ಅದರ ಪಕ್ಕಕ್ಕೇ ಅವಳನ್ನು ಹತ್ತಿಸಿದರು. ಹತ್ತುವಾಗ ನನ್ನ ಕೈಯನ್ನೇ ಆಸರೆಗೆ ಹಿಡಿದಳು. ಬೈಯಲಿಲ್ಲ.

"ಅವತ್ತ ನೀ ಸುಮ್ಮನಿದ್ದಿದ್ರ, ನಂದು ಎಮ್ಮಿ ಒಂದ ಹೋಗತಿತ್ತಲ್ಲೋ ತಮ್ಮಾ," ಎಂದಳು.