ಗಿರಿಜಾಬಾಯಿಯ ರೊಟ್ಟಿಗೆ ಬೂಷ್ಟು ಬಂದ ಶ್ರಾವಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಭಾಲ್ಕಿಯ ಈ ಓಣಿಯನ್ನು ಎಬ್ಬಿಸುವುದು ಗಿರಿಜಾಬಾಯಿಯ ಅಂಗೈ. ಪಟಪಟನೆ ತಟ್ಟಿದ ಜೋಳದ ರೊಟ್ಟಿ ಹಂಚಿಗೆ ಬೀಳುತ್ತದೆ, ಮೈಮೇಲೆ ನೀರು ಸವರಿಸಿಕೊಳ್ಳುತ್ತದೆ, ಮಗ್ಗುಲು ಬದಲಿಸಿ ಉಬ್ಬುತ್ತದೆ. ಆಮೇಲೆ ಒಲೆಯ ಬದಿಗೆ ಒರಗಿ ನಿಂತು ಗರಿಗರಿಯಾಗಿ ಒಣಗುತ್ತದೆ. ಬಾಗಿಸಿದರೆ ಟಕ್ಕೆಂದು ಮುರಿಯಬೇಕು, ಆಗಲೇ ಅದು ಕಡಕ್ ರೊಟ್ಟಿ.

ಗಿರಿಜಾಬಾಯಿ ಸಾಯಗಾಂವದ ಮಗಳು, ಭಾಲ್ಕಿಯ ಸೊಸೆ. ಗಂಡ ಕಾಶೀರಾಮ ದಾಲ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದವರು. ಅವರ ಬೆನ್ನು ಕೈಕೊಟ್ಟ ವರ್ಷ ಈ ಒಲೆ ಮನೆಯನ್ನು ಹಿಡಿದುಕೊಂಡಿತು. ಈಗ ಅವರ ಕೆಲಸ ಹಿಟ್ಟು ಸೋಸುವುದು. “ಜರಾ ಹೊಟ್ಟು ಉಳಿದ್ರೂ ಬೈಸ್ಕೋತೇನ್ರಿ” ಎಂದು ಹೆಂಡತಿಗೆ ಕೇಳುವ ಹಾಗೆಯೇ ಹೇಳುತ್ತಾರೆ. ದಿನಕ್ಕೆ ಇನ್ನೂರರ ಆಸುಪಾಸು ರೊಟ್ಟಿ. ಬಹುಪಾಲು ವಾರಕ್ಕೊಮ್ಮೆ ಗಂಟಾಗಿ ಬೀದರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಬಸ್ಸು ಹತ್ತುತ್ತದೆ.

ಚೆನ್ನಾಗಿ ಒಣಗಿದ ಈ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಬ್ರೆಡ್ಡು ಮೂರು ದಿನಕ್ಕೇ ಹಸಿರು ತುಪ್ಪಳ ಹೊದ್ದು ಕೂರುತ್ತದೆ, ನಾನು ಅಂಗಡಿಯವನನ್ನು ಬೈಯುತ್ತ ಕೂರುತ್ತೇನೆ. ಹಾಗಾಗಿ ನನಗಂತೂ ಇದೊಂದು ಸೋಜಿಗ.

ಅಂಥ ರೊಟ್ಟಿಗೂ ಹೋದ ಶ್ರಾವಣದಲ್ಲಿ ಬೂಷ್ಟು ಬಂತು! ಹಾಸ್ಟೆಲ್ಲಿನ ಅಡುಗೆ ನೋಡಿಕೊಳ್ಳುವ ದಾನಮ್ಮ ಫೋನ್ ಮಾಡಿದರು. “ಗಿರಿಜಕ್ಕ, ಗಂಟು ಬಿಚ್ಚಿದ್ರ ಮುಗ್ಗಲು ವಾಸನಿ ಬರ್ಲತ್ತದ.” ಮುಂದಿನ ವಾರವೂ ಅದೇ ಕಥೆ. “ಇನ್ನೊಂದ್ ಸಲ ಹಿಂಗಾದ್ರ ನಾ ಬ್ಯಾರೆ ಕಡಿ ನೋಡ್ಕೋಬೇಕಾಗ್ತದ ನೋಡ್ರಿ” ಎಂದುಬಿಟ್ಟರು.

“ಹಾಸ್ಟೆಲ್ ಹೋಯ್ತಂದ್ರ ಒಲಿ ಆರಿದಂಗ. ಅದೂ ಹೋಗ್ಲಿ, ಗಿರಿಜಾಬಾಯಿ ರೊಟ್ಟಿ ಕೆಟ್ಟಾವಂದ್ರ ಮಂದಿಗಿ ಮಾರಿ ಹ್ಯಾಂಗ ತೋರ್ಸಲಿ?” ಎಂದು ಗಿರಿಜಾಬಾಯಿ ಆ ದಿನಗಳನ್ನು ನೆನೆಯುತ್ತಾರೆ. ಹೊಸ ಜೋಳ ತಂದು ಬೀಸಿಸಿದರು. ಕಾಶೀರಾಮರ ಜರಡಿಯ ಮೇಲೂ ಗುಮಾನಿಪಟ್ಟರು. ಕೊನೆಗೆ ತಾವೇ ಬೀದರಿಗೆ ಹೋಗಿ, ಕೆಟ್ಟ ಗಂಟನ್ನು ಮುಂದಿಟ್ಟುಕೊಂಡು ಕೂತರು.

ಕೆಳಗಿನ ರೊಟ್ಟಿಗಳು ಇನ್ನೂ ಟಕ್ಕೆನ್ನುತ್ತಿದ್ದವು. ಮೇಲಿನವು ಮೆತ್ತಗಾಗಿದ್ದವು. ಎಲ್ಲಕ್ಕಿಂತ ಮೇಲಿನದಕ್ಕೆ ದಟ್ಟ ಹಸಿರು ತುಪ್ಪಳ. ಅದನ್ನು ಕಂಡದ್ದೇ ಗಿರಿಜಾಬಾಯಿ ಹಣೆ ಬಡಿದುಕೊಂಡರು.

ಪರವೂರಿಗೆ ಹೊರಟವರ ಬುತ್ತಿಯಲ್ಲಿ ಬರೀ ಒಣರೊಟ್ಟಿ ಕಟ್ಟಬಾರದು, ಮೇಲೊಂದು ಬಿಸಿ ಮೆತ್ತನ್ನ ರೊಟ್ಟಿ ಇಡಬೇಕು ಎನ್ನುವುದು ಅವರ ತವರಿನ ರೂಢಿ. ಹಾಸ್ಟೆಲ್ಲಿನ ಗಂಟಿಗೂ ಹಾಗೇ ಇಡುತ್ತಿದ್ದರು. ಬಟ್ಟೆಯ ಗಂಟಿನಲ್ಲಿ ಅದು ತನ್ನಷ್ಟಕ್ಕೆ ಆರಿ ಒಣಗುತ್ತಿತ್ತು. ಆ ಶ್ರಾವಣದಲ್ಲಿ ಮಳೆಗೆ ನೆನೆದೀತೆಂದು ಗಂಟಿಗೆ ಪ್ಲಾಸ್ಟಿಕ್ ಸುತ್ತಿ ಬಿಗಿದಿದ್ದರು.

“ಪ್ಲಾಸ್ಟಿಕ್ ಒಳಗ ಹನಿ ಹನಿ ನೀರು ನಿಂತಿತ್ತರಿ. ಬಿಸಿರೊಟ್ಟಿ ಬೆವರಿತ್ತು. ತೇವ ಅದ, ಸೆಕಿ ಅದ, ಗಾಳಿ ಇಲ್ಲ. ಬೂಷ್ಟಿಗಿ ಮತ್ತೇನ್ ಬೇಕ್ರಿ? ನಾನೇ ಪ್ರೀತಿಲೆ ಕರದು ಮಣಿ ಹಾಕಿ ಕೂಡ್ಸಿದ್ದೆ” ಎಂದು ಈಗ ಹೊಟ್ಟೆ ಹಿಡಿದು ನಗುತ್ತಾರೆ.

ಆ ಒಂದು ರೊಟ್ಟಿ ಬಿಟ್ಟುಬಿಡಿ ಎಂದರಂತೆ ದಾನಮ್ಮ. ಗಿರಿಜಾಬಾಯಿ ಸುತರಾಂ ಒಪ್ಪಲಿಲ್ಲ. ಈಗ ಒಣರೊಟ್ಟಿ ಪೂರಾ ಆರಿದ ಮೇಲೆಯೇ ಗಂಟಾಗುತ್ತದೆ. ಮೆತ್ತನ್ನ ರೊಟ್ಟಿ ಬೇರೆ ಅರಿವೆಯಲ್ಲಿ ಹೋಗುತ್ತದೆ, ಅವತ್ತೇ ಸಂಜೆ ತಿಂದು ಮುಗಿಸಬೇಕೆಂಬ ಕಟ್ಟಪ್ಪಣೆಯೊಂದಿಗೆ. ಹೊಸ ರೀತಿಯ ಮೊದಲ ಗಂಟು ಬಸ್ಸು ಹತ್ತಿದ ಮೇಲೆ ವಾರವಿಡೀ ಅವರು ಫೋನನ್ನು ಸೆರಗಿನಲ್ಲೇ ಕಟ್ಟಿಕೊಂಡು ಓಡಾಡಿದರಂತೆ. ದಾನಮ್ಮನ ಫೋನ್ ಬರಲೇ ಇಲ್ಲ. ಮುಂದಿನ ವಾರ ಬಂತು, ಇನ್ನಷ್ಟು ರೊಟ್ಟಿ ಬೇಕೆಂದು.

ಔರಾದ ಕಡೆಯ ಚಿಂತಾಕಿಯಿಂದ ಬಂದ ವಿಶಾಖಾ ಎಂಬ ಹುಡುಗಿಯೂ ಆ ಹಾಸ್ಟೆಲ್ಲಿನಲ್ಲಿದ್ದಾಳೆ. ಅವಳ ಮಾತು ಬಂದರೆ ಗಿರಿಜಾಬಾಯಿಯ ಕೈ ಹಿಟ್ಟಿನಲ್ಲೇ ನಿಲ್ಲುತ್ತದೆ.

“ದೀಪಾವಳಿ ರಜಾಕ್ಕ ಊರಿಗಿ ಹೋಗುಮುಂದ ನನ್ನ ರೊಟ್ಟಿ ಕಟ್ಕೊಂಡು ಹೋದ್ಳರಿ. ಅವ್ವನ ರೊಟ್ಟಿ ಹಾಸ್ಟೆಲ್‌ಗಿ ಬರೋದು ಎಲ್ಲಾ ಕಡಿ ಅದ. ಹಾಸ್ಟೆಲ್ ರೊಟ್ಟಿ ಅವ್ವಗ ಒಯ್ಯೋದು ಎಲ್ಲೆರ ಕೇಳೀರೇನ್ರಿ?”