ಸದ್ದಿಲ್ಲದ ಪಿಕಪ್ಪಿನಲ್ಲಿ ದೋಸೆಹಿಟ್ಟು

ಜೋಗೇಶ್ವರಿಯ ಒಂದು ಗಾಲಾದಲ್ಲಿ, ಅಂದರೆ ಸಣ್ಣ ಕೈಗಾರಿಕೆಗೆ ಬಾಡಿಗೆ ಕೊಡುವ ಕೋಣೆಯಲ್ಲಿ, ನಾನು ಇಡ್ಲಿ, ದೋಸೆ ಹಿಟ್ಟು ರುಬ್ಬಿಸಿ ಹೋಟೆಲುಗಳಿಗೆ ಕಳಿಸಲು ಶುರುಮಾಡಿ ಹದಿನಾರು ವರ್ಷವಾಯಿತು. ಅಷ್ಟೂ ವರ್ಷ ಗಾಡಿ ಓಡಿಸುತ್ತಿರುವವರು ವಿಜಯಪುರದ ಕಡೆಯವರು. ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ. ನನಗೆ ಅವರು ಭಾಯಿ, ಅವರಿಗೆ ನಾನು ಅಕ್ಕಾರು. ಎಷ್ಟೋ ಬೆಳಗುಗಳಲ್ಲಿ ಪಕ್ಕಪಕ್ಕ ಕೂತು ಹೋಗಿದ್ದೇವೆ. ಆದರೆ ಡೀಸೆಲ್ ಎಂಜಿನ್ನಿನ ಗದ್ದಲದಲ್ಲಿ "ಎಡಕ್ಕೆ", "ನಿಲ್ಲಿಸಿ" ಬಿಟ್ಟರೆ ಬೇರೇನೂ ಮಾತಾಡಿದ ನೆನಪಿಲ್ಲ.

ಆ ಗಾಡಿಗೆ ವಯಸ್ಸಾದಾಗ ಎಲೆಕ್ಟ್ರಿಕ್ ಪಿಕಪ್ ತಂದೆ. ಮೊದಲ ದಿನ ಭಾಯಿ ಕೀಲಿ ತಿರುಗಿಸಿ ಸುಮ್ಮನೆ ಕೂತರು.

"ಅಕ್ಕಾರ, ಚಾಲೂ ಆಗೇತೋ ಇಲ್ಲೋ ಗೊತ್ತ ಆಗಂಗಿಲ್ಲಲ್ಲ?"

"ಆಗಿದೆ ಮಾರಾಯ್ರೆ, ಬೋರ್ಡಿನಲ್ಲಿ ತೋರಿಸ್ತದೆ ನೋಡಿ."

ಗಾಡಿ ನೀರಿನ ಮೇಲಿನ ದೋಣಿಯಂತೆ ಸರಿಯಿತು. ನಸುಕಿನ ಹೈವೇ ಗಾಜಿನಾಚೆ ತೇಲಿ ಬರುತ್ತಿತ್ತು. ಹಿಂದೆ ಎಂಜಿನ್ನಿನ ನಡುಕಕ್ಕೂ ಬಿಸಿಗೂ ಹಿಟ್ಟು ದಾರಿಯಲ್ಲೇ ಉಬ್ಬಿ ಡಬ್ಬದ ಮುಚ್ಚಳ ಎತ್ತುತ್ತಿತ್ತು. ಈಗ ಅದೂ ನಿದ್ದೆಯಲ್ಲಿರುವಂತೆ ಅಲುಗದೆ ಕೂತಿತ್ತು. ಆ ಮೌನದಲ್ಲಿ ಯಾರೋ ಗುನುಗುವುದು ಕೇಳಿಸಿತು. ಭಾಯಿಯೇ. ತಾವು ಗುನುಗುತ್ತೇವೆಂಬುದು ಅವರಿಗೇ ಗೊತ್ತಿರಲಿಲ್ಲ. ನಾನು ನೋಡಿದೊಡನೆ ನಾಚಿ ನಿಲ್ಲಿಸಿಬಿಟ್ಟರು.

ಆದರೂ ಅವರ ಮುಖ ದಿನದಿನಕ್ಕೆ ಬಾಡುತ್ತಾ ಹೋಯಿತು. ಬೈಕುಲ್ಲಾದ ಗಲ್ಲಿಗಳಲ್ಲಿ ಹಮಾಲರಿಗೆ ನಮ್ಮ ಗಾಡಿ ಬಂದದ್ದೇ ಕೇಳಿಸದು. ಕಿಟಕಿಯಿಂದ ತಲೆ ಹೊರಹಾಕಿ "ಭಾಯ್, ಜರಾ ಬಾಜೂ" ಎಂದು ದಾರಿ ಬಿಡಿಸಿಕೊಳ್ಳುತ್ತಲೇ ಸಾಗಬೇಕು.

ಜುಲೈ ತಿಂಗಳ ಒಂದು ಮಧ್ಯಾಹ್ನ. ಬೈಕುಲ್ಲಾದಿಂದ ಉದ್ದಿನಬೇಳೆ, ಅಕ್ಕಿಯ ಮೂಟೆ ಹೇರಿಕೊಂಡು ಪವಾಯಿಯ ಮೇಲಿಂದ ಗಾಲಾಕ್ಕೆ ಮರಳುವ ದಾರಿ ಹಿಡಿದೆವು. ಬೆಳಿಗ್ಗೆ ಎರಡು ಸುತ್ತು ಹೆಚ್ಚಾಗಿತ್ತು. ವಿಕ್ರೋಲಿಯ ಹತ್ತಿರ ಮಳೆಗೆ ಟ್ರಾಫಿಕ್ ಕಟ್ಟಿ ತುಂಬ ಹೊತ್ತು ನಿಂತರೂ ಚಾರ್ಜ್ ಅಷ್ಟಾಗಿ ಇಳಿಯಲಿಲ್ಲ. ಆದರೆ ಅಷ್ಟು ಭಾರ ಹೊತ್ತು ಪವಾಯಿಯ ಏರು ಹತ್ತುವಾಗ ಅಂಕಿ ಒಂದೊಂದಾಗಿ ಉದುರತೊಡಗಿತು. ಕೆಂಪು ದೀಪ ಬಂತು. ನಾನು ಏಸಿ ಆರಿಸಿದೆ. ಭಾಯಿ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಕೊನೆಗೂ ಕೆರೆಯ ಬಳಿಯ ಚಾರ್ಜಿಂಗ್ ಜಾಗ ಮುಟ್ಟಿದೆವು. ವಯರು ಸಿಕ್ಕಿಸಿದಾಗ ಚಾರ್ಜ್ ತುಂಬಲು ಒಂದೂಕಾಲು ಗಂಟೆ ಬೇಕೆಂದು ತೋರಿಸಿತು.

ಮಾಡಲು ಏನೂ ಇರಲಿಲ್ಲ. ಕೆರೆ ಯಾವುದು, ಮಳೆ ಯಾವುದು ತಿಳಿಯದಷ್ಟು ಎಲ್ಲವೂ ಬೂದಿ ಬಣ್ಣ. ಎತ್ತರದ ಬಿಲ್ಡಿಂಗುಗಳು ಅರ್ಧಕ್ಕೇ ಕರಗಿಹೋಗಿದ್ದವು. ಸೀಟಿನಲ್ಲೇ ಕೂತೆವು.

"ಅಕ್ಕಾರ, ಇವತ್ತ ನಿಮಗ ಹೇಳಬೇಕಂತ ಮಾಡಿದ್ದೆ. ಕೆಲಸ ಬಿಡ್ತೀನಿ," ಎಂದರು ಭಾಯಿ, ಎದುರಿನ ಗಾಜನ್ನೇ ನೋಡುತ್ತಾ.

"ಯಾಕೆ ಭಾಯಿ?"

"ಡೀಸೆಲ್ ಗಾಡಿ ಕೆಮ್ಮಿದ್ರ ಎಲ್ಲಿ ನೋವು ಅಂತ ನನಗ ತಿಳೀತಿತ್ತು. ಇದು ಬಾಯೇ ಬಿಡಂಗಿಲ್ಲ. ನಾ ಡ್ರೈವರ್ ಅಲ್ಲ, ಇದರ ಪ್ಯಾಸೆಂಜರ್ ಆಗೇನಿ."

ಗಾಜಿಗೆ ಕಟ್ಟಿದ ಆವಿಯನ್ನು ಅಂಗೈಯಿಂದ ಒರೆಸಿ ಅವರೇ ಮುಂದುವರಿಸಿದರು. "ನಂದು ಎಡಗಿವಿ ಯಾವಾಗೋ ಮಂದ ಆತು. ಎಂಜಿನ್ ಮ್ಯಾಲ ಕೂಗಿ ಕೂಗಿ ಮನ್ಯಾಗೂ ಹಂಗs ಮಾತಾಡ್ತೀನಿ. ಬೈತೀನಿ ಅಂತ ತಿಳದು ಸಣ್ಣ ಮಗಳು ಫೋನ್ ಇಟ್ಟs ಬಿಡ್ತಾಳ."

ಹದಿನಾರು ವರ್ಷ ನಾನು ಕೂರುತ್ತಿದ್ದದ್ದು ಅವರ ಎಡಬದಿಯಲ್ಲೇ. ನನ್ನ ಎಷ್ಟು ಮಾತು ಅವರಿಗೆ ತಲುಪಿತ್ತೋ!

"ಈಗ ನಾನು ಹೇಳೋದು ಕೇಳ್ತದಾ?" ಎಂದೆ, ಮೆಲ್ಲಗೆ.

"ಕೇಳ್ತೈತಿ," ಎಂದರು. ಆಮೇಲೆ ಸಣ್ಣಗೆ ನಕ್ಕರು.

"ಮಳೆಗಾಲ ಮುಗಿಯಲಿ ಭಾಯಿ. ಆಗಲೂ ಬೇಡ ಅನ್ನಿಸಿದ್ರೆ ಬಿಡಿ."

ದಸರೆ ಬಂತು, ಹೋಯಿತು. ಅವರು ಆ ಮಾತು ಮತ್ತೆ ಎತ್ತಲಿಲ್ಲ. ಟೈರಿನ ಸದ್ದಿನಲ್ಲೇ ಗಾಳಿ ಕಡಿಮೆಯಾದದ್ದು ಹೇಳುವಷ್ಟು ಗಾಡಿಯ ಗುಟ್ಟು ಹಿಡಿದಿದ್ದಾರೆ. ನಮ್ಮ ದಿನದ ಓಡಾಟಕ್ಕೆ ಇದು ಸಾಕು. ದೂರದ ನಾಸಿಕ್‌ಗೆ ಹೋಗುವ ಪ್ರಸಂಗ ಬಂದರೆ ಮಾತ್ರ ಇಂದಿಗೂ ಬಾಡಿಗೆಗೆ ಡೀಸೆಲ್ ಟೆಂಪೊ ಹಿಡಿಯುತ್ತೇವೆ.

ಮೊನ್ನೆ ಚಾರ್ಜಿಗೆ ಹಾಕಿದಾಗ ನನಗೆ ಕಣ್ಣು ಹತ್ತಿತ್ತು. ಎಚ್ಚರವಾದಾಗ ಭಾಯಿ ಫೋನನ್ನು ಬಲಗಿವಿಗೆ ಹಿಡಿದು ಮಗಳೊಡನೆ ಮಾತಾಡುತ್ತಿದ್ದರು. ಏನೆಂದು ನನಗೆ ಕೇಳಿಸಲಿಲ್ಲ. ಅಷ್ಟು ಮೆಲ್ಲಗಿತ್ತು ದನಿ.