ಹದಿನಾಲ್ಕನೆಯ ಟೊಪ್ಪಿಗೆ

ಮಕ್ಕಳ ಸಂಡೇ ಸ್ಕೂಲ್ ಹೇಗೆ ನಡೆಸಬೇಕು ಎಂದು ನಾಲ್ಕು ಮಾತು ಬರೆದುಕೊಡಿ ಅಂತ ಹಿರೇಕೆರೂರಿನ ಚರ್ಚ್ ಸಭೆಯವರು ಕೇಳಿದ್ದಾರೆ. ಹಾನಗಲ್ಲಿನ ನಮ್ಮ ಚರ್ಚಿನ ಗೋಡೆಯ ಮೇಲಿರುವ ಶೀಲ್ಡನ್ನು ನೋಡಿಹೋದವರು ಅವರು. ಶೀಲ್ಡು ತಂದವನಿಗೆ ಬುದ್ಧಿಯೂ ಇರುತ್ತದೆ ಎಂದುಕೊಂಡಿದ್ದಾರೆ. ನಾನು ಓದಿದ್ದು ಏಳನೇ ಇಯತ್ತೆ, ಅದೂ ಮಾಸ್ತರರು ದೊಡ್ಡ ಮನಸ್ಸು ಮಾಡಿ ದಾಟಿಸಿದ್ದು. ಹೊಟ್ಟೆಪಾಡಿಗೆ ಬಟ್ಟೆ ಹೊಲಿಯುತ್ತೇನೆ. ಉಪದೇಶ ಬರೆಯಲು ನನಗೆ ಬರುವುದಿಲ್ಲ. ಆ ಶೀಲ್ಡು ಹೇಗೆ ಬಂತು ಎಂಬುದನ್ನು ಬರೆಯುತ್ತೇನೆ. ಬೇಕಾದ ಉಪದೇಶವನ್ನು ಅವರೇ ಅದರಲ್ಲಿ ಹುಡುಕಿಕೊಳ್ಳಲಿ.

ಸಂಡೇ ಸ್ಕೂಲ್ ನನ್ನದಲ್ಲ, ನನ್ನ ತಂಗಿಯದು. ಅವಳು ಅದನ್ನು ನಡೆಸುತ್ತಿದ್ದ ರೀತಿ ನನಗೆ ನಗೆಪಾಟಲಾಗಿತ್ತು. ಪ್ರತಿ ರವಿವಾರ ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆಯುತ್ತಿದ್ದಳು. ಒಂದು ಮನೆಯಲ್ಲಿ ಹುಡುಗಿಯ ಜಡೆ ಹಾಕಿಕೊಡುವುದು, ಇನ್ನೊಂದು ಮನೆಯಲ್ಲಿ ಹುಡುಗನ ಅಂಗಿಗೆ ಗುಂಡಿ ಹಾಕುವುದು, ಮತ್ತೊಂದರಲ್ಲಿ ತಾಯಿಯ ಗೋಳು ಕೇಳಿಕೊಂಡು ಅರ್ಧ ಕಪ್ ಚಹಾ ಕುಡಿಯುವುದು. ಓಣಿ ಮುಗಿಯುವಷ್ಟರಲ್ಲಿ, ತಾಯಿಕೋಳಿಯ ಹಿಂದೆ ಮರಿಗಳು ಬಂದಂತೆ, ಅವಳ ಹಿಂದೆ ಹದಿನಾಲ್ಕು ಮಕ್ಕಳ ಸಾಲು. ನನ್ನ ಅಂಗಡಿ ಮುಂದೆ ಹಾಯುವಾಗ ನಾನು ಮಷಿನ್ ನಿಲ್ಲಿಸಿ ಕೂಗುತ್ತಿದ್ದೆ: "ಹೊಂಟಳ್ರಿ ಹ್ಯಾಟಿ, ಹಿಂದ ಪಿಳ್ಳಿ ಕಟ್ಗೊಂಡು!"

ಅವಳು ತಿರುಗಿ ನೋಡುತ್ತಿರಲಿಲ್ಲ. ಚರ್ಚಿನೊಳಗೆ ಹೋದ ಮೇಲೂ ಚಾಪೆಯ ಮೇಲೆ ಅವರ ನಡುವೆ ಕೂತು, ಏನು ತಿಂದಿರಿ, ಯಾರ ಜೊತೆ ಜಗಳ ಮಾಡಿದಿರಿ ಎಂದು ವಿಚಾರಿಸುವುದರಲ್ಲೇ ಅರ್ಧ ಹೊತ್ತು. ಪಾಠ ಕಾಲು ತಾಸು. ಇದೆಂಥ ಶಾಲೆ ಎಂದು ನನಗೆ ಅನಿಸುತ್ತಿತ್ತು.

ಹೋದ ವರ್ಷ ಅವಳ ಮಗಳ ಹೆರಿಗೆಯಾಯಿತು. ಬಾಣಂತನ ಮಾಡಲು ತಂಗಿ ಮೂರು ತಿಂಗಳು ಸವಣೂರಿಗೆ ಹೊರಟಳು. ಪಾಠ ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಬಂದಾಗ ನಾನೇ ಎದ್ದು ನಿಂತೆ. ಅವಳು ಬಸ್ಸು ಹತ್ತುವಾಗ ಹೇಳಿದ್ದು ಇಷ್ಟೇ: "ಅಣ್ಣಾ, ಮನಿಗೆ ಹೋಗಿ ಕರಿ. ಅದೊಂದ ಬಿಡಬ್ಯಾಡ. ಪಾಠ ಹೆಂಗರ ಆಗ್ತೈತಿ."

"ಹೋಗ ಹೋಗ. ನಾ ಏನ್ ಸಣ್ಣ ಹುಡುಗನ? ನೀ ಬರೂದ್ರಾಗ ಹೆಂಗ ಮಾಡಿರ್ತೇನಿ ನೋಡು."

ಆ ಮಾತನ್ನು ಮಾತ್ರ ನಾನು ಪೂರ್ತಿ ನಡೆಸಿಕೊಟ್ಟೆ.

ಮೊದಲು ಮನೆಗೆ ಹೋಗಿ ಕರೆಯುವುದನ್ನು ನಿಲ್ಲಿಸಿದೆ. ಟೇಲರ್ ಮನೆಬಾಗಿಲಿಗೆ ಹೋದರೆ ಅಳತೆ ತೆಗೆಯಲು ಬಂದ ಎನ್ನುತ್ತಾರೆ. ವಾಟ್ಸಾಪ್ ಗುಂಪು ಮಾಡಿದೆ. ಒಂದು ಪೀಪಿ ಕೊಂಡೆ. ಚಾಪೆ ಸುತ್ತಿಟ್ಟು ಬೆಂಚು ಹಾಕಿಸಿದೆ. ತಡವಾಗಿ ಬಂದವರು ಹಿಂದಿನ ಬೆಂಚಿಗೆ, ಬೈಬಲ್ ವಚನ ಬಾಯಿಪಾಠ ಬಂದವರು ಮುಂದಿನ ಬೆಂಚಿಗೆ. ಎರಡನೇ ರವಿವಾರವೇ ಪಾಸ್ಟರ್ ಒಳಗೆ ಇಣುಕಿ, "ಭಾಳ ಶಿಸ್ತು ಬಂದೈತ್ರಿ" ಎಂದರು. ಮಕ್ಕಳು ಸುಮ್ಮನಿದ್ದರೆ ಶಿಸ್ತು ಎನ್ನುತ್ತಾರೆ ಎಂದು ನನಗೂ ಗೊತ್ತಿತ್ತು. ಆದರೂ ಆ ಮಾತು ಹಿಡಿಸಿತು.

ಒಬ್ಬಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ. ತಾಯಿ ನಮ್ಮ ಸಭೆಯವಳು, ಕೂಲಿಗೆ ಹೋಗುತ್ತಾಳೆ, ಹತ್ತಿರ ಸಾದಾ ಫೋನು. ಅಜ್ಜ ಕುರಿ ಕಾಯುವವ. ಈ ಹುಡುಗಿಗೆ ವಚನ ಒಂದೂ ನಿಲ್ಲುತ್ತಿರಲಿಲ್ಲ, ಪ್ರಶ್ನೆ ಒಂದೂ ತಪ್ಪುತ್ತಿರಲಿಲ್ಲ. ನಾನು ಬೆಂಚಿನ ಮುಂದೆ ನಿಂತು, ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟುಹೋದ ಕುರುಬನ ಕಥೆಯನ್ನು ದೊಡ್ಡ ಧ್ವನಿ ತೆಗೆದು ಹೇಳುತ್ತಿದ್ದೆ. ಅವಳು ಎದ್ದಳು.

"ಕಾಕಾರ, ಉಳದ ಕುರಿ ಕೂಡ ಯಾರಿದ್ರು?"

"ಯಾರೂ ಇಲ್ಲ. ಸುಮ್ನ ಕುಂಡ್ರು."

"ಯಾರೂ ಇಲ್ಲಂದ್ರ ಗ್ವಾಂಜಾಳದ ಹೊಲಕ್ಕ ನುಗ್ತಾವ್ರಿ. ಮತ್ತ ಕುರಿ ಒಂದ ಹೋಗಂಗಿಲ್ಲ. ಒಂದ ಹೊಂಟ್ರ ಅದರ ಬೆನ್ನ ಹತ್ತಿ ನಾಕು ಹೊಕ್ಕಾವ. ಬೇಕಾರ ನಮ್ಮಜ್ಜನ್ನ ಕೇಳ್ರಿ."

ಮಕ್ಕಳೆಲ್ಲ ನಕ್ಕರು. ನಾನು ಪೀಪಿ ಊದಿದೆ. ಕಥೆಯ ಮಧ್ಯದಲ್ಲಿ ಪೀಪಿ ಊದುವ ಪಾಠವನ್ನು ಅದಕ್ಕೂ ಮೊದಲು ಯಾರಾದರೂ ಮಾಡಿದ್ದರೋ ಇಲ್ಲವೋ ತಿಳಿಯದು.

ಅಷ್ಟರಲ್ಲಿ ಶಿಗ್ಗಾಂವಿಯಿಂದ ಪತ್ರ ಬಂತು. ಸುತ್ತಲಿನ ನಾಲ್ಕು ತಾಲೂಕಿನ ಸಭೆಗಳ ಮಕ್ಕಳಿಗೆ ಅಲ್ಲಿ ಸ್ಪರ್ಧೆ: ಒಂದು ರೂಪಕ ಆಡಬೇಕು, ಕೊನೆಗೆ, ಬಂದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ವಚನ ಹೇಳಬೇಕು. ಒಬ್ಬರು ತಪ್ಪಿದರೂ ಅಂಕ ಹೋಗುತ್ತದೆ. ನಾನು ಅದೇ ಕುರಿಯ ಕಥೆ ಆರಿಸಿದೆ. ಕುರುಬನ ವೇಷ ನನಗೇ ಇಟ್ಟುಕೊಂಡೆ, ಮಕ್ಕಳಲ್ಲಿ ಅಷ್ಟು ಗಂಭೀರ ಮುಖದವರು ಯಾರೂ ಇರಲಿಲ್ಲವಂತೆ! ಬಿಳಿ ಬಟ್ಟೆ ತಂದು, ಒಳಗೆ ಹತ್ತಿ ತುಂಬಿ, ಕಿವಿ ಇಟ್ಟು ಹದಿನಾಲ್ಕು ಟೊಪ್ಪಿಗೆ ಹೊಲಿದೆ. ಲಗ್ನಸರಾಯಿಯ ಬ್ಲೌಸುಗಳನ್ನು ಬದಿಗಿಟ್ಟು ಹೊಲಿದದ್ದು. ನನ್ನ ಜನ್ಮದಲ್ಲಿ ಅಂಥ ಸೂಕ್ಷ್ಮದ ಕೆಲಸ ಮಾಡಿರಲಿಲ್ಲ.

ಟೊಪ್ಪಿಗೆ ಹಂಚಿದ ದಿನ ಆ ಹುಡುಗಿ ತನ್ನದನ್ನು ತಿರುವಿ ಮುರುವಿ ನೋಡಿದಳು.

"ಕಾಕಾರ, ಇದು ಮೊಲ ಐತಿ."

"ಏನಂದಿ?"

"ಕುರಿ ಕಿವಿ ಜೋತು ಬಿದ್ದಿರ್ತಾವ್ರಿ. ಇವು ನೆಟ್ಟಗ ನಿಂತಾವ. ಮತ್ತ ನಮ್ ಕಡೆ ಬಿಳಿ ಕುರಿ ಎಲ್ಲಿ ಅದಾವ್ರಿ? ಎಲ್ಲಾ ಕರೇವ. ನಾ ನಮ್ಮಜ್ಜನ ಹಳೇ ಕಂಬಳಿ ತುಂಡು ಹೊತ್ಕೊಂಡು ಬರ್ಲೇನ್ರಿ? ಖರೇ ಕುರಿ ಆಗ್ತೇನಿ."

ಹದಿಮೂರು ಮಕ್ಕಳು ತಮ್ಮ ತಲೆಯ ಮೇಲಿನ ಕಿವಿಗಳನ್ನು ಮುಟ್ಟಿ ನೋಡಿಕೊಂಡರು. ಒಂದು ಕೂಸು ಮೊಲದ ಹಾಗೆ ಜಿಗಿಯಲೂ ಶುರುಮಾಡಿತು. ನಾನು ಅವಳ ಕೈಯಿಂದ ಟೊಪ್ಪಿಗೆ ಕಿತ್ತುಕೊಂಡೆ. ಈಗ ಯೋಚಿಸಿದರೆ, ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಾನು ಪಾಠದ ಪುಸ್ತಕದ ಚಿತ್ರ ನೋಡಿ ಹೊಲಿದಿದ್ದೆ. ಅವಳು ಕುರಿ ನೋಡಿ ಮಾತಾಡಿದ್ದಳು.

ಸ್ಪರ್ಧೆಯ ಹಿಂದಿನ ದಿನ ಅವಳಿಂದ ವಚನ ಹೇಳಿಸಿದೆ. ಎರಡು ಸಲವೂ ನಡುವೆ ನಿಂತಳು. ಇವಳನ್ನು ಕರೆದೊಯ್ದರೆ ಅಂಕ ಹೋಗುತ್ತದೆ, ವೇದಿಕೆಯ ಮೇಲೆ ಇನ್ನೇನು ಕೇಳುತ್ತಾಳೋ ಅದು ಬೇರೆ. ಬರಬೇಡ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹಾಗೆಂದರೆ ಅವಳ ತಾಯಿ ಕೇಳುತ್ತಾಳೆ, ಪಾಸ್ಟರ್ ಕೇಳುತ್ತಾರೆ, ಸವಣೂರಿನಿಂದ ತಂಗಿ ಫೋನು ಮಾಡುತ್ತಾಳೆ. ಗುಂಪಿನಲ್ಲಿ ಎಲ್ಲರಿಗೂ ಎಂಟು ಗಂಟೆ ಎಂದು ಹಾಕಿದೆ. ಗುಂಪಿನಲ್ಲಿ ಇಲ್ಲದಿದ್ದದ್ದು ಆ ತಾಯಿ ಒಬ್ಬಳೇ. ಹುಡುಗಿಗೆ ಬಾಯಿಮಾತಿನಲ್ಲಿ ಹೇಳಿದೆ: "ಒಂಬತ್ತಕ್ಕ ಬಾ ಅವ್ವಾ. ಕಂಬಳಿ ತುಂಡು ತೊಗೊಂಡ ಬಾ."

ಕಂಬಳಿಯ ಮಾತು ಯಾಕೆ ಸೇರಿಸಿದೆ ಎಂದು ಇವತ್ತಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ. ಸುಳ್ಳನ್ನೂ ನಾನು ಒಳಗೆ ಅಸ್ತರ್ ಬಟ್ಟೆ ಹಾಕಿಯೇ ಹೊಲಿಯುವವನು.

ಎಂಟೂಕಾಲಿಗೆ ಚರ್ಚಿನ ಮುಂದಿನಿಂದ ಟೆಂಪೋ ಹೊರಟಿತು. "ಆಕಿ ಬಂದಿಲ್ರಿ ಕಾಕಾರ" ಎಂದು ಮಕ್ಕಳು ಕೂಗಿದರು. "ಆಕಿಗೆ ಜ್ವರ" ಎಂದೆ. ಶಿಗ್ಗಾಂವಿಯಲ್ಲಿ ನಮ್ಮ ರೂಪಕಕ್ಕೆ ಚಪ್ಪಾಳೆಯೋ ಚಪ್ಪಾಳೆ. ನಾನು ಕೋಲು ಹಿಡಿದು, ಬೆಂಚಿನ ಕೆಳಗೆ ಅಡಗಿದ್ದ ಕೂಸನ್ನು ಹುಡುಕಿ ಹೆಗಲ ಮೇಲೆ ಹೊತ್ತು, ಕಣ್ಣಲ್ಲಿ ನೀರು ತಂದುಕೊಂಡೆ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ವಚನ ಹದಿಮೂರಕ್ಕೆ ಹದಿಮೂರೂ ಸರಿ. ಶೀಲ್ಡು ಕೊಡಲು ಬಂದ ಹಿರಿಯರು ಮೈಕಿನಲ್ಲಿ ಕೇಳಿದರು: "ನಿಮ್ ಸಂಡೇ ಸ್ಕೂಲಿನ್ಯಾಗ ಒಟ್ಟು ಎಷ್ಟ್ ಮಕ್ಕಳ್ರಿ?"

"ಹದಿಮೂರ್ರಿ."

ಮತ್ತೆ ನನ್ನ ಹೆಗಲೇರಿದ್ದ ಆ ಕೂಸು ಮೈಕಿಗೆ ಬಾಯಿ ಕೊಟ್ಟು ಹೇಳಿತು: "ಹದಿನಾಕ್ರಿ. ಒಂದ ಊರಾಗ ಉಳದೈತಿ."

ಜನ ಇದೂ ರೂಪಕದ ಮಾತೇ ಎಂದುಕೊಂಡು ಇನ್ನೊಮ್ಮೆ ಚಪ್ಪಾಳೆ ಹೊಡೆದರು.

ಮರುದಿನ ಚರ್ಚಿನ ಎದುರಿನ ಚಹಾ ಅಂಗಡಿಯ ಮುದುಕಿ ನನ್ನನ್ನು ನಿಲ್ಲಿಸಿದಳು. "ಏನ್ರೀ ಟೇಲರ್ರ, ಆ ಪೋರಿ ಒಂಬತ್ತರಿಂದ ಮಧ್ಯಾನ್ನದ ತನಕ ಬಾಗಲದಾಗ ಕುಂತಿತ್ತಲ್ಲ. ಬಿಸಲಾಗ ಕರೇ ಕಂಬಳಿ ಹೊತ್ಗೊಂಡು. ಚಾ ಕುಡಿ ಬಾ ಅಂದ್ರ, 'ಇಲ್ಲಬೇ, ಗಾಡಿ ಬಂದ್ರ ನನ್ನ ಬಿಟ್ಟ ಹೊಕ್ಕೈತಿ' ಅಂತು."

ಮುಂದಿನ ರವಿವಾರ ಅವಳು ಬರಲಿಲ್ಲ. ಅವಳ ಜೊತೆ ಕೂರುವ ಇಬ್ಬರು ಬರಲಿಲ್ಲ. ಅದರ ಮುಂದಿನ ವಾರ ಬಂದದ್ದು ಏಳು ಮಕ್ಕಳು, ಆಮೇಲೆ ಮೂರು. ಆ ಮೂರರಲ್ಲಿ ಎರಡು ನನ್ನ ಮೊಮ್ಮಕ್ಕಳು, ಅವು ಬರದಿದ್ದರೆ ಮನೆಯಲ್ಲಿ ನಾಷ್ಟಾ ಸಿಗುವುದಿಲ್ಲ ಎಂಬ ಹೆದರಿಕೆಗೆ ಬರುತ್ತಿದ್ದವು. ಒಂದು ಹೊರಟರೆ ಬೆನ್ನು ಹತ್ತಿ ನಾಲ್ಕು ಹೋಗುತ್ತವೆ ಎಂದು ಅವಳು ಮೊದಲೇ ಹೇಳಿದ್ದಳು. ನಾನು ಪೀಪಿ ಊದಿದ್ದೆ. ಗುಂಪಿನಲ್ಲಿ ದಿನಾ ಕೈಮುಗಿಯುವ ಚಿತ್ರ ಹಾಕಿದೆ. ತಿರುಗಿ ಕೈಮುಗಿದವರು ಬಹಳ, ಮಕ್ಕಳನ್ನು ಕಳಿಸಿದವರಿಲ್ಲ.

ತಂಗಿ ಸವಣೂರಿನಿಂದ ಬಂದವಳು ಮೊದಲು ಚರ್ಚಿಗೇ ಬಂದಳು. ಖಾಲಿ ಬೆಂಚು ನೋಡಿದಳು, ಗೋಡೆಯ ಮೇಲಿನ ಶೀಲ್ಡು ನೋಡಿದಳು. "ಮಕ್ಕಳು ಎಲ್ಲಿ ಅಣ್ಣಾ?"

"ಪರೀಕ್ಷಾ ಅದಾವಲ್ಲ…"

"ಚಾದ ಅಂಗಡಿಯಾಕಿ ಎಲ್ಲಾ ಹೇಳ್ಯಾಳ. ನನ್ನ ಮುಂದ ಮತ್ತೊಂದು ಹೊಲಿಬ್ಯಾಡ."

ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಸುತ್ತಿಟ್ಟ ಚಾಪೆಯನ್ನು ತಂದು ಹಾಸಿ, ಅದರ ಮೇಲೆ ಒಬ್ಬಳೇ ಕೂತಳು. ಆ ಚಾಪೆಯ ತುಂಬ ಮಕ್ಕಳನ್ನು ಕೂರಿಸಲು ಅವಳಿಗೆ ಹನ್ನೆರಡು ವರ್ಷ ಹಿಡಿದಿತ್ತು. ನಾನು, "ನೀ ಹೋಗಿ ಕರದ್ರ ಬರ್ತಾಳ ಬಿಡು" ಎಂದೆ.

"ಬರ್ತಾಳ, ನನ್ನ ಮಾರಿ ನೋಡಿ ಬರ್ತಾಳ. ನಿನ್ನ ಮಾರಿ ನೋಡಿ ಬರಬೇಕು. ಇಲ್ಲಂದ್ರ ಈ ಚಾಪಿ ನಾನೂ ಹಾಸಂಗಿಲ್ಲ, ಸುತ್ತಿ ಇಟ್ಟಬಿಡ್ತೇನಿ. ದೊಡ್ಡವರು ಸುಳ್ಳ ಹೇಳಿ ಬಿಟ್ಟ ಹೊಕ್ಕಾರಂತ ಅವು ಕಲತಾವ. ಅದನ್ನ ನಾ ಹೆಂಗ ಮರಸ್ಲಿ?"

ತಿಳವಳ್ಳಿ ರಸ್ತೆಯಲ್ಲಿ ಯಾರದೋ ಹೊಲದಲ್ಲಿ ಹುಡುಗಿಯ ಅಜ್ಜ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿದ್ದಾನೆ ಎಂದು ಗೊತ್ತಾಯಿತು. ಹದಿನಾಲ್ಕನೆಯ ಟೊಪ್ಪಿಗೆಯ ಕಿವಿ ಬಿಚ್ಚಿ, ಜೋತುಬೀಳುವ ಹಾಗೆ ಮತ್ತೆ ಹೊಲಿದುಕೊಂಡು ಸೈಕಲ್ಲಿನಲ್ಲಿ ಹೋದೆ. ಶಾಲೆಗೆ ಸೂಟಿ ಇತ್ತು, ಹುಡುಗಿ ಅಲ್ಲೇ ಇದ್ದಳು. ನನ್ನನ್ನು ನೋಡಿ ಕುರಿಗಳ ಆಚೆಗೆ ಹೋಗಿ ನಿಂತಳು. ಎಲ್ಲವೂ ಕರಿಯ ಕುರಿಗಳು.

"ಬರ್ರಿ ಟೇಲರ್ರ, ಕುಂಡ್ರಿ. ಅಳತಿ ತೊಗೊಳ್ಳಾಕ ಬಂದೀರೇನು?" ಎಂದ ಅಜ್ಜ.

ನಾನು ಕೂರಲಿಲ್ಲ. ಅವಳಿಗೆ ಕೇಳುವಂತೆ ಹೇಳಿದೆ: "ಒಂಬತ್ತಂತ ಸುಳ್ಳ ಹೇಳಿದ್ನೆವಾ. ಗಾಡಿ ಎಂಟಕ್ಕ ಇತ್ತು. ನಿನ್ನ ಬಿಟ್ಟ ಹೋಗಬೇಕಂತನ ಹೇಳಿದ್ದೆ. ತಪ್ಪಾತು."

"ಗೊತ್ತೈತ್ರಿ," ಎಂದಳು. ಎಲ್ಲರೂ ಹೇಳಿದ್ದರಂತೆ. ನಾನು ಟೊಪ್ಪಿಗೆ ಚಾಚಿದೆ. ಅವಳು ಹತ್ತಿರ ಬಂದು ಕಿವಿ ಎಳೆದು ನೋಡಿದಳು, ಒಂದು ಮರಿಯ ತಲೆಗೆ ಹಾಕಿದಳು. ಮರಿ ತಲೆ ಕೊಡವಿ ಬೀಳಿಸಿ, ಅದರ ಮೇಲೆ ಕಾಲಿಟ್ಟು ಹೋಯಿತು. ಅಜ್ಜ ನಕ್ಕ, ಅವಳು ನಗಲಿಲ್ಲ.

"ರವಿವಾರ ಬಾರವಾ," ಎಂದೆ.

"ಎಷ್ಟ ಗಂಟೆಕ್ಕ್ರಿ?"

"ಹತ್ತಕ್ಕ."

ಅವಳು ನನ್ನ ಮುಖ ನೋಡಿದಳು, ಅಜ್ಜನ ಮುಖ ನೋಡಿದಳು. ಜೀವನದಲ್ಲಿ ಎಷ್ಟೋ ಜನರ ಅಳತೆ ತೆಗೆದಿದ್ದೇನೆ, ನನ್ನ ಅಳತೆಯನ್ನು ಹಾಗೆ ಯಾರೂ ತೆಗೆದಿರಲಿಲ್ಲ.

"ನೀವ ಮನಿಗೆ ಬಂದು ಕರೀರಿ," ಎಂದಳು. "ಬಂದ್ರ ಬರ್ತೇನಿ."

ಈಗ ರವಿವಾರ ಮನೆಮನೆಗೆ ಹೋಗುವವನು ನಾನೇ. ಪಾಠ ತಂಗಿ ಮಾಡುತ್ತಾಳೆ, ನನಗೆ ಪಾಠ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ. ಮೊದಲ ಮನೆ ಆ ಹುಡುಗಿಯದು. ನಾನು ಹೋದಾಗ ಅವಳು ಒಂದು ದಿನವೂ ತಯಾರಾಗಿರುವುದಿಲ್ಲ. "ಕುಂತಿರ್ರಿ ಕಾಕಾರ, ಬಂದ್ನಿ" ಎಂದು ಒಳಗಿಂದ ಕೂಗಿ, ತಲೆ ಬಾಚಿ, ಮತ್ತೊಮ್ಮೆ ಬಾಚಿ, ನೀರು ಕುಡಿದು ಬರುತ್ತಾಳೆ. ನಾನು ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತಿರುತ್ತೇನೆ. ಇಬ್ಬರು ಇನ್ನೂ ತಿರುಗಿ ಬಂದಿಲ್ಲ, ಅವರ ಮನೆಗೂ ಹೋಗುತ್ತೇನೆ. ಮಕ್ಕಳ ಸಾಲಿನ ಜೊತೆ ನನ್ನ ಅಂಗಡಿ ಮುಂದೆ ಹಾಯುವಾಗ, ಪಕ್ಕದ ಇಸ್ತ್ರಿಯವನು ಕೂಗುತ್ತಾನೆ: "ಹೊಂಟ್ರಲ್ರಿ ಟೇಲರ್ರು, ಹಿಂದ ಪಿಳ್ಳಿ ಕಟ್ಗೊಂಡು!"

ಹಿರೇಕೆರೂರಿನವರು ಶೀಲ್ಡನ್ನೂ ಒಂದು ದಿನ ತೋರಿಸಲು ತನ್ನಿರಿ ಎಂದಿದ್ದಾರೆ. ಬೇಕಾದರೆ ಅದನ್ನು ಅಲ್ಲೇ ಇಟ್ಟುಕೊಳ್ಳಲಿ. ರವಿವಾರ ಮಾತ್ರ ನನ್ನನ್ನು ಕರೆಯುವುದು ಬೇಡ, ಕಟ್ಟೆಯ ಮೇಲೆ ಕೂರುವುದಿದೆ.